ಮೊದಲನೇ ಸಲ ಆ್ಯಪ್ ಲೈವ್ ಮಾಡ್ತಿದೀನಿ, 1 ಜಿಬಿ ಸರ್ವರ್ ಸಾಕಾಗತ್ತಾ?

ಪ್ರಶ್ನೆ

ಎಲ್ರಿಗೂ ನಮಸ್ಕಾರ. ಆರು ತಿಂಗಳಿಂದ ರಾತ್ರಿ ಕೂತು ಕೂತು ಒಂದು ವೆಬ್ ಆ್ಯಪ್ ಮಾಡಿದೀನಿ, ಟ್ಯೂಷನ್ ನಡೆಸೋರು ಹಾಜರಿ, ಫೀಸಿನ ಲೆಕ್ಕ ಇಟ್ಕೊಳಕ್ಕೆ. ಆ್ಯಪ್ ನೋಡ್ ಜೆಎಸ್‌ದು, ಡೇಟಾಬೇಸಿಗೆ ಪೋಸ್ಟ್‌ಗ್ರೆಸ್, ಮುಂದೆ ಹೊರಗಿಂದ ಬರೋ ರಿಕ್ವೆಸ್ಟನ್ನ ಆ್ಯಪಿಗೆ ದಾಟಿಸೋಕೆ ಎಂಜಿನ್‌ಎಕ್ಸ್, ಮೂರೂ ಡಾಕರ್ (ಒಂದೊಂದು ಪ್ರೋಗ್ರಾಮನ್ನೂ ಕಂಟೇನರ್ ಅನ್ನೋ ಬೇರೆ ಬೇರೆ ಡಬ್ಬಿಯಲ್ಲಿ ಓಡಿಸೋ ಸಾಧನ) ಒಳಗೆ, 1 ಜಿಬಿ ರ್‍ಯಾಮ್ ಇರೋ ವಿಪಿಎಸ್ (ಬಾಡಿಗೆ ಸರ್ವರ್) ಮೇಲೆ. ಇಪ್ಪತ್ತು ಜನ ಬಳಸ್ತಿದಾರೆ, ಮಾಮೂಲಿ ಟೈಮಲ್ಲಿ ಏನೂ ತೊಂದ್ರೆ ಇಲ್ಲ, ಆದ್ರೆ ಹೊಸ ಕೋಡ್ ಹಾಕಕ್ಕೆ ಸರ್ವರಲ್ಲೇ ಬಿಲ್ಡ್ (ಕೋಡನ್ನ ಓಡಿಸೋ ರೂಪಕ್ಕೆ ಕಟ್ಟೋದು) ಕೊಟ್ರೆ ಅರ್ಧಕ್ಕೆ 'ಕಿಲ್ಡ್' ಅಂತ ಬಂದು ನಿಂತೋಗತ್ತೆ, ಒಂದೊಂದ್ಸಲ ಸೈಟೂ ಬಿದ್ದು 502 ಎರರ್ ತೋರ್ಸತ್ತೆ. ದೊಡ್ಡ ಸರ್ವರ್ ತಗೊಳ್ಲಾ? ಮುಂದಿನ ವಾರ ಎಲ್ರಿಗೂ ಓಪನ್ ಮಾಡ್ಬೇಕು ಅಂತಿದೀನಿ, ಭಯ ಆಗ್ತಿದೆ.

ಉತ್ತರ 1

ದೊಡ್ಡ ಸರ್ವರ್ ಈಗ್ಲೇ ಬೇಡ ಬ್ರೋ. ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಲಾಗ್ ತೆಗೆದು ನೋಡಿ, 'ಔಟ್ ಆಫ್ ಮೆಮೊರಿ' ಅನ್ನೋ ಸಾಲು ಇದ್ದೇ ಇರತ್ತೆ. ರ್‍ಯಾಮ್ ಖಾಲಿ ಆದಾಗ ಕರ್ನಲ್ ಜಾಸ್ತಿ ಮೆಮೊರಿ ತಿಂತಿರೋ ಪ್ರೋಸೆಸ್‌ನ ಹುಡುಕಿ ಕೊಲ್ಲತ್ತೆ, ಸಾಮಾನ್ಯವಾಗಿ ಅದು ಬಿಲ್ಡೇ ಆಗಿರತ್ತೆ, ಕೆಲವು ಸಲ ನಿಮ್ಮ ಆ್ಯಪೇ ಬಲಿ ಆಗತ್ತೆ, ಆಗ ಎಂಜಿನ್‌ಎಕ್ಸ್‌ಗೆ ಹಿಂದೆ ಮಾತಾಡೋರು ಯಾರೂ ಇಲ್ದೆ 502. 2 ಜಿಬಿ ಸ್ವಾಪ್ (ಮೆಮೊರಿ ಸಾಲದಾಗ ಬಳಸೋ ಡಿಸ್ಕ್ ಜಾಗ) ಹಾಕಿದ್ರೆ ಇವತ್ತಿನ ಮಟ್ಟಿಗೆ ಉಸಿರಾಡ್ಬೋದು, ನಿಧಾನ ಆಗತ್ತೆ ಅಷ್ಟೆ. ಸರಿಯಾದ ದಾರಿ ಅಂದ್ರೆ ಸರ್ವರಲ್ಲಿ ಬಿಲ್ಡ್ ಮಾಡೋದನ್ನೇ ಬಿಡಿ. ಗಿಟ್‌ಹಬ್ ಆಕ್ಷನ್ಸಲ್ಲಿ (ಅವರ ಮಷೀನಲ್ಲೇ ಬಿಲ್ಡ್ ಮಾಡಿಕೊಡೋ ಸೇವೆ) ಇಮೇಜ್, ಅಂದ್ರೆ ಓಡಿಸಕ್ಕೆ ರೆಡಿ ಇರೋ ಪ್ಯಾಕೇಜ್, ಕಟ್ಟಿ ರಿಜಿಸ್ಟ್ರಿಗೆ (ಇಮೇಜ್ ಇಡೋ ಉಗ್ರಾಣ) ಹಾಕಿ, ಸರ್ವರ್ ಬರೀ ಇಳಿಸ್ಕೊಂಡು ಓಡಿಸ್ಲಿ. ಪ್ರತಿ ಇಮೇಜಿಗೂ ಬೇರೆ ಬೇರೆ ಟ್ಯಾಗ್ ಕೊಡಿ, ಹೊಸದು ಕೈಕೊಟ್ರೆ ಹಳೇದಕ್ಕೆ ನಿಮಿಷದಲ್ಲಿ ವಾಪಸ್ ಹೋಗ್ಬೋದು.

ಉತ್ತರ 2

ಮೇಲಿನವರು ಹೇಳಿದ್ದು ಸರಿ, ಆದ್ರೆ ನಂಗೆ ಇನ್ನೂ ಭಯ ಇರೋದು ಡೇಟಾಬೇಸ್ ಬಗ್ಗೆ. ಕಂಪೋಸ್ ಫೈಲಲ್ಲಿ (ಡಾಕರ್ ಏನೇನು ಓಡಿಸ್ಬೇಕು ಅಂತ ಬರೆಯೋ ಫೈಲ್) ಪೋಸ್ಟ್‌ಗ್ರೆಸ್ ಕೆಳಗೆ 5432:5432 ಅಂತ ಪೋರ್ಟ್ ಲೈನ್ ಇದ್ಯಾ? ಅದು ಡೇಟಾಬೇಸನ್ನ ಇಂಟರ್ನೆಟ್ಟಿಗೆ ತೆರೆದಿಡತ್ತೆ, ಇದ್ರೆ ದಯವಿಟ್ಟು ಈಗ್ಲೇ ತೆಗೀರಿ. ಯುಎಫ್‌ಡಬ್ಲ್ಯೂ (ಸರ್ವರಿನ ಫೈರ್‌ವಾಲ್) ಆನ್ ಇದೆ ಅಂತ ನಂಬ್ಕೊಂಡು ಕೂರ್ಬೇಡಿ, ಡಾಕರ್ ತನ್ನದೇ ಐಪಿಟೇಬಲ್ಸ್ ರೂಲ್ (ಲಿನಕ್ಸಿನ ಟ್ರಾಫಿಕ್ ನಿಯಮ) ಬರ್ಕೊಳತ್ತೆ, ಆ ಟ್ರಾಫಿಕ್ ಯುಎಫ್‌ಡಬ್ಲ್ಯೂ ಕಣ್ಣಿಗೆ ಬೀಳೋದೇ ಇಲ್ಲ. ಅದೇ ನೆಟ್‌ವರ್ಕಲ್ಲಿರೋ ಆ್ಯಪ್‌ಗೆ ಕಂಪೋಸ್ ಫೈಲಲ್ಲಿ ಡೇಟಾಬೇಸಿಗೆ ಇಟ್ಟಿರೋ ಸರ್ವೀಸ್ ಹೆಸರು ಕೊಟ್ರೆ ಸಾಕು, ಹೊರಗಡೆ ಪೋರ್ಟ್ ಬೇಕಾಗೇ ಇಲ್ಲ.

ನಂಗಾಗಿದ್ದು ಹೇಳ್ತೀನಿ. ಬೆಳಿಗ್ಗೆ ಎದ್ದು ನೋಡಿದ್ರೆ ಟೇಬಲ್ ಒಂದೂ ಇಲ್ಲ, ಹೊಸದಾಗಿ ಒಂದೇ ಒಂದು ಟೇಬಲ್, ಅದರೊಳಗೆ ದುಡ್ಡು ಕಳಿಸಿದ್ರೆ ಡೇಟಾ ವಾಪಸ್ ಅಂತ ಒಂದು ಸಾಲು. ಬ್ಯಾಕಪ್ ಇದ್ಯಲ್ಲ ಅಂತ ಫೋಲ್ಡರ್ ತೆಗೆದೆ, ದಿನಕ್ಕೊಂದು ಫೈಲ್ ಸಾಲಾಗಿ ಇದಾವೆ, ಎಲ್ಲಾ 0 ಬೈಟ್. ನಡುವೆ ಯಾವಾಗ್ಲೋ ಪಾಸ್‌ವರ್ಡ್ ಬದಲಾಯ್ಸಿದ್ದೆ, ಪಿಜಿ ಡಂಪ್ (ಪೋಸ್ಟ್‌ಗ್ರೆಸ್ ಬ್ಯಾಕಪ್ ತೆಗೆಯೋ ಕಮಾಂಡ್) ಫೇಲ್ ಆಗ್ತಿತ್ತು, ಆದ್ರೂ ಶೆಲ್ಲು ಖಾಲಿ ಫೈಲ್ ಸೃಷ್ಟಿ ಮಾಡಿ ಇಡ್ತಿತ್ತು. ಜನ ನಂಬಿ ಕೊಟ್ಟ ಡೇಟಾ ಅದು, ಎಲ್ರಿಗೂ ಕ್ಷಮೆ ಕೇಳಿ ಮೇಲ್ ಬರೆದೆ. ಅದಕ್ಕೇ ಹೇಳೋದು, ಬ್ಯಾಕಪ್ ಬೇರೆ ಕಡೆ ಇಡಿ, ಮತ್ತೆ ಓಪನ್ ಮಾಡೋ ಮುಂಚೆ ಒಂದು ಖಾಲಿ ಡೇಟಾಬೇಸಿಗೆ ರಿಸ್ಟೋರ್ ಮಾಡಿ ಟೇಬಲ್ಲಿನ ರೋ (ಸಾಲು) ಎಣಿಸಿ.

ಉತ್ತರ 3

ಒಂದೇ ಮಾತು ಸೇರಿಸ್ತೀನಿ. ಲೆಟ್ಸ್ ಎನ್‌ಕ್ರಿಪ್ಟ್ (ಪುಕ್ಕಟೆ ಸೇವೆ) ಕೊಡೋ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ 90 ದಿನಕ್ಕೆ ಮುಗಿಯತ್ತೆ, ಮುಗೀತಿದೆ ಅಂತ ಮುಂಚೆ ಮೇಲ್ ಬರ್ತಿತ್ತು, 2025ರ ಜೂನಿಂದ ಅದನ್ನ ನಿಲ್ಲಿಸಿದಾರೆ. ಸರ್ಟ್‌ಬಾಟ್ (ಸರ್ಟಿಫಿಕೇಟ್ ತಂದ್ಕೊಡೋ ಪ್ರೋಗ್ರಾಮ್) ರಿನ್ಯೂ ಮಾಡಿದ್ರೂ ಎಂಜಿನ್‌ಎಕ್ಸ್ ರಿಲೋಡ್ ಆಗ್ದೇ ಇದ್ರೆ ಹಳೇ ಸರ್ಟಿಫಿಕೇಟೇ ಕೊಡ್ತಿರತ್ತೆ, ಎರಡೂ ಬೇರೆ ಕಂಟೇನರಲ್ಲಿದ್ರೆ ಇದು ತುಂಬಾ ಜನಕ್ಕೆ ಆಗತ್ತೆ. ರಿನ್ಯೂ ಆದ ತಕ್ಷಣ ರಿಲೋಡ್ ಆಗೋ ಹಾಗೆ ಹುಕ್ (ತಾನಾಗೇ ಓಡೋ ಕಮಾಂಡ್) ಹಾಕಿ.

ಪ್ರಶ್ನೆ ಕೇಳಿದವರು

ಎಲ್ರಿಗೂ ತುಂಬಾ ಥ್ಯಾಂಕ್ಸ್. ಲಾಗಲ್ಲಿ ಔಟ್ ಆಫ್ ಮೆಮೊರಿ ಮೂರು ಸಲ ಇತ್ತು. ಬಿಲ್ಡ್ ಆಚೆ ಹಾಕ್ದೆ, ಈಗ ಡಿಪ್ಲಾಯ್ ಒಂದು ನಿಮಿಷದೊಳಗೆ ಮುಗೀತಿದೆ. 5432 ನನ್ನ ಲ್ಯಾಪ್‌ಟಾಪಿಂದ ಟ್ರೈ ಮಾಡಿದ್ರೆ ನಿಜವಾಗ್ಲೂ ತೆರೆದೇ ಇತ್ತು, ಕೈ ನಡುಗ್ತು, ಮುಚ್ಚಿ ಪಾಸ್‌ವರ್ಡ್ ಬದಲಾಯ್ಸಿದೆ. ಬ್ಯಾಕಪ್ ರಿಸ್ಟೋರ್ ಮಾಡಿ ಎಣಿಸಿದೆ, ಹಾಜರಿ ಟೇಬಲ್ ಪೂರ್ತಿ ಬಂತು, ಆದ್ರೆ ಅಪ್‌ಲೋಡ್ ಮಾಡಿದ ರಸೀದಿ ಫೋಟೋಗಳು ಬ್ಯಾಕಪ್ಪಲ್ಲಿ ಇಲ್ವೇ ಇಲ್ಲ, ಅವು ಬೇರೆ ವಾಲ್ಯೂಮಲ್ಲಿವೆ (ಡಾಕರ್ ಫೈಲ್ ಇಡೋ ಜಾಗ). ಅದನ್ನೂ ಸೇರಿಸೋವರೆಗೂ ಓಪನ್ ಮಾಡಲ್ಲ, ಒಂದು ವಾರ ಮುಂದಕ್ಕೆ ಹಾಕಿದೀನಿ.