ಕೆಂಪು ನಕ್ಷತ್ರ ಯಾವ ಪ್ರಶ್ನೆಗೆ ಹಾಕುವುದು?

ಪೆರ್ಲದಿಂದ ಪ್ರಶ್ನೆ:
ನಾವು ನಾಲ್ಕೈದು ಅಡಿಕೆ ಕೃಷಿಕರು ಸೇರಿ ಗೂಗಲ್ ಫಾರ್ಮ್ ಮಾಡುತ್ತಿದ್ದೇವೆ. ಈ ಮಳೆಗಾಲ ಯಾರ ತೋಟಕ್ಕೆ ಎಷ್ಟು ಕೊಳೆರೋಗ ಬಂತು, ಎಷ್ಟು ಸಲ ಮದ್ದು ಬಿಟ್ಟರು ಅಂತ ತಿಳಿಯಲಿಕ್ಕೆ. ಒಟ್ಟು 18 ಪ್ರಶ್ನೆ. ಎಲ್ಲವನ್ನೂ ಕಡ್ಡಾಯ ಮಾಡು (ಕಡ್ಡಾಯ ಮಾಡಿದ ಪ್ರಶ್ನೆಗೆ ಫಾರ್ಮಿನಲ್ಲಿ ಕೆಂಪು ನಕ್ಷತ್ರ ಬೀಳುತ್ತದೆ), ಇಲ್ಲದಿದ್ದರೆ ಜನ ಅರ್ಧಂಬರ್ಧ ತುಂಬಿಸುತ್ತಾರೆ ಎನ್ನುತ್ತಾರೆ ಭಾವ. ನನಗೆ ಧೈರ್ಯ ಬರುತ್ತಿಲ್ಲ. ಮಾಡಿ ನೋಡಿದವರು ಹೇಳಿ.

ಬದಿಯಡ್ಕದ ಟೀಚರ್:
ಅಣ್ಣಾ, ಭಾವನ ಮಾತು ಕೇಳಬೇಡಿ. ನಾನು ಅಂಥದ್ದೇ ಮಾತು ಕೇಳಿ ಕೆಟ್ಟವಳು. ನಮ್ಮ ಕನ್ನಡ ಮಾಧ್ಯಮ ಶಾಲೆಯ ಹಳೆ ವಿದ್ಯಾರ್ಥಿಗಳ ಪಟ್ಟಿ ಮಾಡಲು ಹೊರಟು 20 ಪ್ರಶ್ನೆಗೂ ನಕ್ಷತ್ರ ಹಾಕಿದ್ದೆ. ಇಮೇಲ್‌ಗೂ. ಶೀಟ್ ಚೆನ್ನಾಗಿ ತುಂಬಿತು, ಖುಷಿಯಾಯಿತು. ಆಮೇಲೆ ನೋಡಿದರೆ ಏಳು ಜನರಿಗೆ ಒಂದೇ ಇಮೇಲ್! ನೆರೆಕರೆಯ ಅಜ್ಜಂದಿರಿಗೆಲ್ಲ ತುಂಬಿಸಿ ಕೊಟ್ಟ ಹುಡುಗನದ್ದು.

ಅದಕ್ಕಿಂತ ದೊಡ್ಡ ಎಡವಟ್ಟು ಮಾತೃಭಾಷೆಯದ್ದು. ಕನ್ನಡ, ತುಳು, ಮಲಯಾಳ, ಕೊಂಕಣಿ ಅಂತ ನಾಲ್ಕೇ ಆಯ್ಕೆ ಕೊಟ್ಟಿದ್ದೆ. ರಾತ್ರಿ ಒಂಬತ್ತೂವರೆಗೆ ಫೋನು. "ಟೀಚರೇ, ನಮ್ಮ ಮನೆಯಲ್ಲಿ ಮರಾಟಿ. ಎಲ್ಲಿ ಒತ್ತಲಿ?" ಕಾಸರಗೋಡಿನಲ್ಲೇ ಹುಟ್ಟಿ ಬೆಳೆದು ಬ್ಯಾರಿ, ಮರಾಟಿ ಮರೆತಿದ್ದೆ ನೋಡಿ, ನಾಚಿಕೆಯಾಯಿತು. ಅವರೇನೋ ಫೋನು ಮಾಡಿದರು. ಮಾಡದವರು ಯಾವುದೋ ಒಂದನ್ನು ಒತ್ತಿ ಮುಂದೆ ಹೋದರು. ಅದರಲ್ಲಿ ನಿಜ ಯಾವುದು, ಸುಮ್ನೆ ಒತ್ತಿದ್ದು ಯಾವುದು? ಇವತ್ತಿಗೂ ಗೊತ್ತಿಲ್ಲ. ಖಾಲಿ ಬಿಟ್ಟಿದ್ದರೆ ಖಾಲಿ ಅಂತಲಾದರೂ ಲೆಕ್ಕ ಹಿಡಿಯಬಹುದಿತ್ತು.

ಈಗ ಪ್ರತಿ ಪ್ರಶ್ನೆಗೂ ಇಷ್ಟೇ ನೋಡುತ್ತೇನೆ: ಇದಕ್ಕೆ ಉತ್ತರ ಬರದಿದ್ದರೆ ಅವರು ತುಂಬಿಸಿದ್ದನ್ನೆಲ್ಲ ಬಿಸಾಡಬೇಕಾ? ಹೌದಾದರೆ ಮಾತ್ರ ನಕ್ಷತ್ರ. ನಕ್ಷತ್ರ ಇದ್ದಲ್ಲೆಲ್ಲ 'ಗೊತ್ತಿಲ್ಲ' ಅಥವಾ 'ಇತರೆ' ಇರಲೇಬೇಕು.

ಉಪ್ಪಳದಿಂದ:
ಟೀಚರ್ ಹೇಳಿದ್ದು ಸರಿ. ಇನ್ನೊಂದು: ಕೊಳೆರೋಗ ಬಂದವರಿಗೆ ಮಾತ್ರ ಇರುವ ಪ್ರಶ್ನೆಗಳನ್ನು ಬೇರೆ ಸೆಕ್ಷನ್ ಮಾಡಿ. 'ಬಂದಿಲ್ಲ' ಎಂದವರು ಅದನ್ನು ದಾಟಿ ಮುಂದಿನದಕ್ಕೆ ಹೋಗುವ ಹಾಗೆ ಇಡಬಹುದು. ದಾಟಿ ಹೋದ ಸೆಕ್ಷನ್ನಿನ ನಕ್ಷತ್ರ ಅವರನ್ನು ತಡೆಯುವುದಿಲ್ಲ. ಎಲ್ಲ ಒಂದೇ ಪುಟದಲ್ಲಿದ್ದರೆ ರೋಗ ಬಾರದವರೂ ಎಷ್ಟು ಮರಕ್ಕೆ ಬಂತು ಅಂತ ಏನಾದರೂ ಬರೆಯದೆ ಕಳಿಸಲಿಕ್ಕಾಗುವುದಿಲ್ಲ. ಫೋಟೋ ಕೇಳುವುದಾದರೆ ಕಡ್ಡಾಯ ಬೇಡವೇ ಬೇಡ. ಫೈಲ್ ಹಾಕಬೇಕಾದರೆ ಗೂಗಲ್ ಖಾತೆಗೆ ಲಾಗಿನ್ ಆಗು ಎನ್ನುತ್ತದೆ. ಪಾಸ್‌ವರ್ಡ್ ಯಾರಿಗೆ ನೆನಪಿರುತ್ತದೆ?

ಮುಳ್ಳೇರಿಯದಿಂದ, ನಾನೂ ಕೃಷಿಕನೇ:
ಮದ್ದಿನ ಪ್ರಶ್ನೆಯನ್ನು ಮಾತ್ರ ಆ ಸೆಕ್ಷನ್ನಿಗೆ ಹಾಕಬೇಡಿ ಮಾರಾಯ್ರೇ. ರೋಗ ಬಾರದವರಿಗೆ ಮದ್ದು ಬಿಟ್ಟದ್ದರಿಂದಲೇ ಬಾರದೆ ಇರಬಹುದಲ್ವಾ? ಬೋರ್ಡೋ, ಅಂದರೆ ಮೈಲುತುತ್ತು-ಸುಣ್ಣದ ಮದ್ದು, ಮೊದಲ ಸಲ ಮಳೆ ಹಿಡಿಯುವ ಮೊದಲೇ ಬಿಟ್ಟರಾ, ಎರಡನೆಯದು 40–45 ದಿನ ಬಿಟ್ಟು ಆಯಿತಾ, ಇದು ಎಲ್ಲರಿಗೂ ಕಡ್ಡಾಯ. ಅದು ಗೊತ್ತಿಲ್ಲದೆ ರೋಗದ ಲೆಕ್ಕ ಹಿಡಿದು ಏನು ಮಾಡುತ್ತೀರಿ?

ಪೆರ್ಲ:
ಫೋನ್ ನಂಬರ್? ಮತ್ತೆ, ಅಡಿಕೆ ಎಷ್ಟು ಕ್ವಿಂಟಲ್ ಆಯಿತು ಅಂತ?

ಬದಿಯಡ್ಕದ ಟೀಚರ್:
ನಂಬರ್ ಕೊನೆಯಲ್ಲಿ ಕೇಳಿ, ಇಷ್ಟ ಇದ್ದವರು ಕೊಡಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಹೇಳುವುದೂ ಅದನ್ನೇ, ಕೆಲಸಕ್ಕೆ ಬೇಕಾದಷ್ಟೇ ಮಾಹಿತಿ ತೆಗೆದುಕೊಳ್ಳಿ ಅಂತ. ಕ್ವಿಂಟಲ್ ಲೆಕ್ಕ ಸ್ವಂತ ತಮ್ಮನಿಗೂ ಸರಿಯಾಗಿ ಹೇಳದ ಊರು ನಮ್ಮದು. 'ಐದರ ಒಳಗೆ', 'ಐದರಿಂದ ಹತ್ತು' ಹೀಗೆ ಕೊಡಿ. ನಕ್ಷತ್ರ ಬೇಡ.

ಪೆರ್ಲ:
ಉಪಕಾರ ಆಯಿತು. 18ರಲ್ಲಿ ನಾಲ್ಕಕ್ಕೆ ಮಾತ್ರ ನಕ್ಷತ್ರ ಉಳಿಸಿದೆ: ಪಂಚಾಯತ್, ರೋಗ ಬಂತಾ, ಮೊದಲ ಮದ್ದು ಯಾವಾಗ, ಒಟ್ಟು ಎಷ್ಟು ಸಲ. ಮೊದಲು ಭಾವನಿಗೇ ಕಳಿಸಿ ನೋಡಿದೆ. ಕ್ವಿಂಟಲಿನ ಪ್ರಶ್ನೆ ಖಾಲಿ ಬಿಟ್ಟಿದ್ದಾರೆ.