ಮ್ಯೂನಿಕ್‌ನಲ್ಲಿ ಕಾರು ಕೊಳ್ಳದೆ ಕಾರ್‌ಶೇರಿಂಗ್ ನಂಬಿ ಬದುಕಬಹುದಾ?

ಬೆಣ್ಣೆದೋಸೆ_ಊರು:
ಎಲ್ಲರಿಗೂ ನಮಸ್ಕಾರ. ಮ್ಯೂನಿಕ್‌ಗೆ ಬಂದು ಒಂದು ವರ್ಷ ತುಂಬುತ್ತಾ ಬಂತು. ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಈಗಷ್ಟೇ ಕೈಗೆ ಸಿಕ್ಕಿದೆ. ಮನೆಯವರು ಕಾರು ತಗೊಳ್ಳೋಣ ಅಂತಿದ್ದಾರೆ, ನನಗೆ ಮನಸ್ಸಿಲ್ಲ. ಆಫೀಸಿಗೆ ಉ-ಬಾನ್ (ಇಲ್ಲಿನ ಮೆಟ್ರೋ) ಇದೆ. ಕಾರು ಬೇಕಾಗೋದು ತಿಂಗಳ ದಿನಸಿ ತರೋಕೆ, ಮಗುವಿಗೆ ಹುಷಾರಿಲ್ಲದಾಗ ಡಾಕ್ಟರ ಹತ್ತಿರ ಹೋಗೋಕೆ, ಅಪರೂಪಕ್ಕೆ ಬೆಟ್ಟದ ಕಡೆ ಸುತ್ತೋಕೆ. ಇಷ್ಟಕ್ಕೆ ಹಂಚಿಕೊಳ್ಳುವ ಕಾರು ಸಾಕು ಅನ್ನಿಸುತ್ತೆ. ಆದರೆ ಆಫೀಸಿನ ಹಳಬರು, "ಆ ಕಂಪನಿಗಳು ಇವತ್ತು ಇರ್ತಾವೆ, ನಾಳೆ ಹೆಸರು ಬದಲಾಗುತ್ತೆ, ನಾಡಿದ್ದು ಊರೇ ಬಿಟ್ಟು ಹೋಗ್ತಾವೆ" ಅಂತಾರೆ. ಅಷ್ಟೊಂದು ಊರುಗಳಿಗೆ ಹರಡಿದ ಕಾರ್‌ಟುಗೋ ಅನ್ನೋ ಕಾರ್‌ಶೇರಿಂಗ್ ಕಂಪನಿ ಯಾಕೆ ಹಿಂದೆ ಸರಿಯಿತು? ಜನ ಬಳಸಲೇ ಇಲ್ಲವಾ?

ತುಂಗೆಯ_ದಡ:
ಜನ ಬಳಸಿದರು, ಚೆನ್ನಾಗಿಯೇ ಬಳಸಿದರು. ಕಾರ್‌ಟುಗೋ ಹುಟ್ಟಿದ ಉಲ್ಮ್‌ನಲ್ಲೇ ನಾನು ಎಂ.ಎಸ್. ಓದಿದ್ದು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

2008ರ ಅಕ್ಟೋಬರ್‌ನಲ್ಲಿ ಮರ್ಸಿಡಿಸ್ ಕಾರು ಮಾಡುವ ಡೈಮ್ಲರ್ ಕಂಪನಿ ಮೊದಲು ತನ್ನ ನೌಕರರಿಗೆ ಮಾತ್ರ ಕೊಟ್ಟು ನೋಡಿತು. 2009ರ ಮಾರ್ಚ್‌ನಲ್ಲಿ ಊರವರಿಗೆಲ್ಲ ತೆರೆಯಿತು. ಸ್ಮಾರ್ಟ್ ಅನ್ನೋ ಬ್ರ್ಯಾಂಡಿನ, ಎರಡೇ ಸೀಟಿನ 200 ಪುಟ್ಟ ಕಾರು, ನಿಮಿಷಕ್ಕೆ 19 ಸೆಂಟ್. ಪೆಟ್ರೋಲು, ಇನ್ಶೂರೆನ್ಸ್, ಪಾರ್ಕಿಂಗ್ ಎಲ್ಲ ಅದರಲ್ಲೇ. ಲೈಸೆನ್ಸ್ ಮೇಲೆ ಒಂದು ಚಿಪ್ ಅಂಟಿಸಿಕೊಡುತ್ತಿದ್ದರು. ಅದನ್ನು ಗಾಜಿನ ಹಿಂದಿನ ರೀಡರ್‌ಗೆ ಹಿಡಿದರೆ ಬಾಗಿಲು ತೆರೆಯುತ್ತಿತ್ತು. ತೆಗೆದ ಜಾಗಕ್ಕೇ ತಂದು ಬಿಡಬೇಕೆಂಬ ಕಟ್ಟುಪಾಡಿಲ್ಲ. ಊರ ಗಡಿಯೊಳಗೆ ಎಲ್ಲಿ ಬೇಕಾದರೂ ನಿಲ್ಲಿಸಿ ಇಳಿದು ಹೋಗಬಹುದು. ಇವತ್ತು ಇದು ಸಾಮಾನ್ಯ ಅನ್ನಿಸುತ್ತೆ, ಆಗ ನಮಗೆಲ್ಲ ಬೆರಗು.

ನಮ್ಮ ವಿಶ್ವವಿದ್ಯಾಲಯ ಇದ್ದದ್ದು ಏಸೆಲ್ಸ್‌ಬರ್ಗ್ ಗುಡ್ಡದ ಮೇಲೆ. ಆಗ ಅಲ್ಲಿಗೆ ಟ್ರಾಮ್ ಇರಲಿಲ್ಲ, ಅದು ಬಂದದ್ದು 2018ರ ಕೊನೆಗೆ. ರಾತ್ರಿ ಬಸ್ಸು ಕಡಿಮೆಯಾದ ಮೇಲೆ ಪೇಟೆಯಿಂದ ಎಲ್ಲರೂ ಕಾರು ಹಿಡಿದು ಗುಡ್ಡ ಹತ್ತುವವರೇ, ಇಳಿಯುವವರು ಯಾರೂ ಇಲ್ಲ. ತಡರಾತ್ರಿ ಹಾಸ್ಟೆಲ್ ಮುಂದೆ ಕಾರುಗಳ ಸಾಲು, ರೈಲು ನಿಲ್ದಾಣದ ಹತ್ತಿರ ಒಂದೂ ಇಲ್ಲ. ಇಂಥ ವ್ಯವಹಾರದ ಕಷ್ಟವೆಲ್ಲ ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ಕಾರು ಓಡಿದರೆ ಕಾಸು, ನಿಂತರೆ ಖರ್ಚು. ಬೇಡದ ಕಡೆ ನಿಂತ ಕಾರನ್ನು ಬೇಕಾದ ಕಡೆಗೆ ತರೋಕೆ ಸಂಬಳ ಕೊಟ್ಟು ಜನರನ್ನು ಇಡಬೇಕು. ಹಗಲೂ ರಾತ್ರಿ ಎಲ್ಲ ದಿಕ್ಕಿಗೂ ಓಡಾಡುವ ದೊಡ್ಡ ಊರಿನಲ್ಲಿ ಇದು ತನ್ನಷ್ಟಕ್ಕೇ ಸರಿಹೋಗಬಹುದು. ಒಂದು ಲಕ್ಷ ಚಿಲ್ಲರೆ ಜನ ಇರುವ ಉಲ್ಮ್‌ನಲ್ಲಿ ಆಗಲಿಲ್ಲ. 2014ರ ಕೊನೆಗೆ, ಹುಟ್ಟಿದ ಊರಲ್ಲೇ ಮುಚ್ಚಿದರು. ನನಗೆ ನಿಜಕ್ಕೂ ದುಃಖವಾಗಿತ್ತು.

ಅಷ್ಟರಲ್ಲಿ ಕಂಪನಿ ಊರಿಂದೂರಿಗೆ ಹಾರಿತ್ತು. 2011ರಲ್ಲೇ ಹ್ಯಾಂಬರ್ಗ್, ವಿಯೆನ್ನಾ, ಪೂರ್ತಿ ಎಲೆಕ್ಟ್ರಿಕ್ ಕಾರುಗಳೊಂದಿಗೆ ಆಮ್‌ಸ್ಟರ್‌ಡ್ಯಾಮ್. ಮರುವರ್ಷ ಬರ್ಲಿನ್, ಸ್ಟುಟ್‌ಗಾರ್ಟ್, ಲಂಡನ್. ಲಂಡನ್ ಕಥೆ ಗಮನಿಸಿ. ಅಲ್ಲಿ ಪಾರ್ಕಿಂಗ್ ಅಧಿಕಾರ ಒಂದೇ ನಗರಸಭೆಯ ಕೈಯಲ್ಲಿಲ್ಲ. 32 ಬರೋಗಳು (ಊರೊಳಗಿನ ಸ್ಥಳೀಯ ಆಡಳಿತಗಳು), ಜೊತೆಗೆ ಸಿಟಿ ಆಫ್ ಲಂಡನ್, ಪ್ರತಿಯೊಂದಕ್ಕೂ ತನ್ನದೇ ಪರವಾನಗಿ, ತನ್ನದೇ ದರ. ಒಪ್ಪಿದ್ದು ಕೆಲವೇ ಬರೋಗಳು. ಒಂದು ಬರೋದಲ್ಲಿ ಹತ್ತಿ ಪಕ್ಕದ ಬರೋದಲ್ಲಿ ಬಿಡೋಕಾಗದಿದ್ದರೆ ಅಂಥ ಕಾರು ಯಾರಿಗೆ ಬೇಕು? 2014ರಲ್ಲಿ ಅಲ್ಲಿಂದ ಹೊರಟರು. ಕಾರಿನಲ್ಲಿ ಏನೂ ಕೊರತೆ ಇರಲಿಲ್ಲ, ನಿಲ್ಲಿಸೋಕೆ ಜಾಗ ಸಿಗಲಿಲ್ಲ.

ನಿಮ್ಮ ಮ್ಯೂನಿಕ್‌ನಲ್ಲಿ 2011ರಲ್ಲಿ ಬಿಎಂಡಬ್ಲ್ಯೂ ಮತ್ತು ಬಾಡಿಗೆ ಕಾರಿನ ಕಂಪನಿ ಸಿಕ್ಸ್ಟ್ ಸೇರಿ ಕಾರ್‌ಟುಗೋ ಥರದ್ದೇ ಡ್ರೈವ್‌ನೌ ಶುರು ಮಾಡಿದ್ದವು. ಒಂದೇ ಬೀದಿಯಲ್ಲಿ ಕಾರ್‌ಟುಗೋ, ಡ್ರೈವ್‌ನೌ ಇಬ್ಬರ ಕಾರುಗಳೂ ಕಾದು ನಿಂತರೆ ಇಬ್ಬರಿಗೂ ನಷ್ಟ. 2018ರಲ್ಲಿ ಒಂದಾಗುವುದಾಗಿ ಘೋಷಿಸಿದರು. ಆಗ ಎರಡಕ್ಕೂ ಸೇರಿ 31 ಊರು, 20,000 ಕಾರು, 40 ಲಕ್ಷ ಗ್ರಾಹಕರು. ಇಷ್ಟಿದ್ದೂ ಶೇರ್‌ನೌ ಎಂಬ ಹೊಸ ಹೆಸರು ಬಂದ ಮೇಲೆ, 2020ರ ಫೆಬ್ರವರಿ ಕೊನೆಗೆ, ಉತ್ತರ ಅಮೆರಿಕವನ್ನೂ ಲಂಡನ್ (ಅಲ್ಲಿ ಇದ್ದದ್ದು ಡ್ರೈವ್‌ನೌ), ಬ್ರಸೆಲ್ಸ್, ಫ್ಲಾರೆನ್ಸ್‌ಗಳನ್ನೂ ಬಿಟ್ಟರು. 2022ರಲ್ಲಿ ಉಳಿದದ್ದನ್ನು ಸ್ಟೆಲಾಂಟಿಸ್ ಅನ್ನೋ ಕಾರು ಕಂಪನಿ ಕೊಂಡಿತು.

ಹಾಗಾಗಿ ಮೇಡಂ, ಕಂಪನಿ ಎಷ್ಟು ಊರಲ್ಲಿದೆ ಅಂತ ನೋಡಬೇಡಿ. ನಿಮ್ಮ ಮನೆಯಿಂದ ಐದು ನಿಮಿಷದ ನಡಿಗೆಯಲ್ಲಿ ಎಷ್ಟು ಕಾರಿದೆ, ಅವಕ್ಕೆ ಕಾಯಂ ಜಾಗ ಇದೆಯಾ ಅಂತ ನೋಡಿ. ನಾನೂ ಈಗ ಮ್ಯೂನಿಕ್‌ನಲ್ಲೇ ಇದ್ದೀನಿ. ನಂಬಿರೋದು ಸ್ಟೇಷನ್ ಕಾರುಗಳನ್ನು, ಅಂದರೆ ತೆಗೆದ ಜಾಗಕ್ಕೇ ತಂದು ಬಿಡುವಂಥವು. ಇಂಥ ಕಾರು ಕೊಡುವ ಸ್ಟಾಟ್‌ಆಟೊ 1992ರಿಂದ ಇಲ್ಲೇ ಇದೆ. ಗಂಟೆ ಮತ್ತು ಕಿಲೋಮೀಟರ್ ಲೆಕ್ಕ, ಮೊದಲೇ ಬುಕ್ ಮಾಡಬೇಕು. ನಿಮ್ಮ ದಿನಸಿಗೂ ಬೆಟ್ಟಕ್ಕೂ ಅದೇ ಸರಿ. ನಿಮಿಷದ ಕಾರು ಅವಸರಕ್ಕಿರಲಿ.

ವೇಸರ್_ಕನ್ನಡಿಗ:
ಬ್ರೆಮೆನ್‌ನಿಂದ ಒಂದು ಮಾತು ಸೇರಿಸ್ತೀನಿ. ಇಲ್ಲಿನ ಕಾರ್‌ಶೇರಿಂಗ್ ಕಂಪನಿ ಕಾಂಬಿಯೊ 2000ದಲ್ಲಿ ಆಹೆನ್, ಬ್ರೆಮೆನ್, ಕೋಲೋನ್‌ಗಳ ಸಣ್ಣ ಸಂಸ್ಥೆಗಳು ಕೂಡಿ ಆದದ್ದು. 2003ರಿಂದ ನಗರಾಡಳಿತವೇ ರಸ್ತೆ ಬದಿಯಲ್ಲಿ ಮೊಬಿಲ್‌ಪುಂಕ್ಟ್ ಅಂತ ಜಾಗ ಗುರುತು ಮಾಡಿಕೊಡುತ್ತಿದೆ. ಟ್ರಾಮ್ ಸ್ಟಾಪಿನ ಪಕ್ಕದಲ್ಲೇ ಕಾರು, ಸೈಕಲ್ ಸ್ಟ್ಯಾಂಡು. ನನ್ನ ಬೀದಿಯವರು ಸ್ವಂತ ಕಾರು ಮಾರಿದ್ದು ಆ ಜಾಗ ಬಂದ ಮೇಲೆ. ಜರ್ಮನಿಯಲ್ಲಿ 2017ರಲ್ಲಿ ಕಾರ್‌ಶೇರಿಂಗ್ ಕಾಯ್ದೆಯೂ ಬಂತು, ಸಾರ್ವಜನಿಕ ರಸ್ತೆಯಲ್ಲಿ ಇಂಥ ಕಾರುಗಳಿಗೆ ಜಾಗ ಮೀಸಲಿಡೋಕೆ ಅದರಿಂದ ದಾರಿಯಾಯಿತು.

ಸೇನ್_ದಂಡೆ:
ಜಾಗ ಕೊಟ್ಟರಷ್ಟೇ ಸಾಲದು. ಪ್ಯಾರಿಸ್‌ನ ಎಲೆಕ್ಟ್ರಿಕ್ ಕಾರ್‌ಶೇರಿಂಗ್ ಆಟೊಲಿಬ್ ನೋಡಿ. ನಗರಾಡಳಿತದ ಒಪ್ಪಂದ, ಬೀದಿಬೀದಿಗೆ ಚಾರ್ಜಿಂಗ್ ಸ್ಟೇಷನ್, ಬೊಲೋರೆ ಕಂಪನಿಯ ಬ್ಲೂಕಾರ್, ಏನು ಕಡಿಮೆ ಇತ್ತು? 2011ರ ಡಿಸೆಂಬರ್‌ನಲ್ಲಿ ಶುರುವಾಗಿ 2018ರ ಜುಲೈನಲ್ಲಿ ನಿಂತೇಹೋಯಿತು. ನಷ್ಟ ಯಾರು ತುಂಬಬೇಕು ಅಂತ ಕಂಪನಿಗೂ ಆಡಳಿತಕ್ಕೂ ಜಗಳ. ಕಾರಿನೊಳಗಿನ ಕೊಳಕು ನೋಡಿದವರಿಗೆ ಗೊತ್ತು, ತೊಳೆಯೋದೂ ರಿಪೇರಿ ಮಾಡೋದೂ ದೊಡ್ಡ ಖರ್ಚೇ.

ತುಂಗೆಯ_ದಡ:
@ಸೇನ್_ದಂಡೆ, ಒಪ್ಪಿದೆ. ಸದಸ್ಯರು ತಮ್ಮದೇ ಅಂದುಕೊಂಡ ಕಡೆ ಕಾರು ಚೊಕ್ಕಟವಾಗಿರುತ್ತೆ. ಸ್ವಿಟ್ಜರ್ಲೆಂಡಿನ ಕಾರ್‌ಶೇರಿಂಗ್ ಸಂಸ್ಥೆ ಮೊಬಿಲಿಟಿ ಇವತ್ತಿಗೂ ಸಹಕಾರ ಸಂಘ. 1987ರಲ್ಲಿ ಶುರುವಾದ ಎರಡು ಪುಟ್ಟ ಸಂಘಗಳು 1997ರಲ್ಲಿ ಕೂಡಿ ಆದದ್ದು. ಅದರ ಕೆಂಪು ಕಾರು ರೈಲು ನಿಲ್ದಾಣಗಳಲ್ಲೇ ಸಿಗುತ್ತೆ. ಅವಸರವಿಲ್ಲದೆ ಬೆಳೆಯಿತು, ಉಳಿಯಿತು.

ಬೆಣ್ಣೆದೋಸೆ_ಊರು:
ತುಂಬಾ ಥ್ಯಾಂಕ್ಸ್ ಸರ್. ಮನೆಯವರಿಗೂ ಓದಿ ಹೇಳಿದೆ, ಆರು ತಿಂಗಳು ನೋಡೋಣ ಅಂದರು. ಮಗುವಿನ ಸೀಟು ಕಾರಿನಲ್ಲೇ ಇರುತ್ತಾ?

ತುಂಗೆಯ_ದಡ:
ಇರುತ್ತೆ ಅಂತ ನೆಚ್ಚಿಕೊಳ್ಳಬೇಡಿ. 12 ವರ್ಷ ಆಗುವವರೆಗೆ ಅಥವಾ 150 ಸೆಂ.ಮೀ. ಎತ್ತರ ಬರುವವರೆಗೆ ಮಗುವಿಗೆ ಸೀಟು ಕಡ್ಡಾಯ. ಹಗುರವಾದದ್ದೊಂದು ಕೊಂಡು ಮನೆಯಲ್ಲೇ ಇಟ್ಟುಕೊಳ್ಳಿ. ಬುಕ್ ಮಾಡುವ ಮುಂಚೆ ಹತ್ತಿರದ ಸ್ಟೇಷನ್‌ಗೆ ಒಮ್ಮೆ ನಡೆದು ಹೋಗಿ, ಸೀಟು ಹೊತ್ತು ಅಷ್ಟು ದೂರ ಹೋಗೋಕಾಗುತ್ತಾ ನೋಡಿ.