ಹೊಸನಗರದ ಮಳೆಗೆ ಉಣ್ಣೆ ಕುರಿ ತಡೆದೀತೇ?

ಪ್ರಶ್ನೆ (ಹೊಸನಗರ):
ಎರಡು ಎಕರೆ ಅಡಿಕೆ ತೋಟ, ಪಕ್ಕದಲ್ಲೇ ಬ್ಯಾಣ (ಹುಲ್ಲುಗಾವಲು) ಇದೆ. ಹತ್ತು-ಹನ್ನೆರಡು ಕುರಿ, ನಾಲ್ಕೈದು ಆಡು ಸಾಕಿ ಒಳ್ಳೆ ಉಣ್ಣೆ ತೆಗೆಯಬೇಕೆಂದಿದ್ದೇನೆ. ಅಂಗೋರಾ ಆಡು ತರಬಹುದಾ? ಕೊಟ್ಟಿಗೆ ಹೇಗಿರಬೇಕು? ತೋಟದ ಹುಲ್ಲು ಮೇಯಿಸಬಹುದಾ?

ಉತ್ತರ 1 (ಚಳ್ಳಕೆರೆ):
ಅಂಗೋರಾ ಬೇಡ. ಮೈತುಂಬ ಉದ್ದ ಕೂದಲು, ನೆನೆದರೆ ಬೇಗ ಆರುವುದಿಲ್ಲ. ಪಶ್ಮಿನಾ ಆಡು ಅಂತೂ ಲಡಾಖಿನ ಚಳಿಯ ಮಾತು. ನಮ್ಮ ನಾಟಿ ಆಡಿನ ಕೂದಲು ಹಗ್ಗಕ್ಕಾದೀತು, ಅಷ್ಟೇ. ಕಪ್ಪು ಡೆಕ್ಕನಿ ಕುರಿ ತನ್ನಿ. ಉಣ್ಣೆ ಒರಟು, ಸ್ವೆಟರಿಗೆ ಬಾರದು; ಕಂಬಳಿಗೆ ಬೇಕಾದ್ದು ಅದೇ, ಬಣ್ಣ ಹಾಕುವ ಕೆಲಸವೂ ಇಲ್ಲ. ಕುರಿಯೊಂದಕ್ಕೆ ವರ್ಷಕ್ಕೆ ಸುಮಾರು ಅರ್ಧ ಕೆಜಿ ಸಿಗುತ್ತದೆ. ಹಾಗಾಗಿ ಆದಾಯದ ಲೆಕ್ಕವನ್ನು ಮರಿ, ಗೊಬ್ಬರದ ಮೇಲೆ ಹಾಕಿ.

ಉತ್ತರ 2 (ತೀರ್ಥಹಳ್ಳಿ):
ನೆಲದಿಂದ 4 ಅಡಿ ಎತ್ತರಕ್ಕೆ ಅಟ್ಟಣಿಗೆ ಕಟ್ಟಿ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರದ ಪಟ್ಟಿ) ಹಾಸಿ. ದಬ್ಬೆಗಳ ನಡುವೆ ಒಂದೂವರೆ ಸೆಂ.ಮೀ. ಸಂದು ಇರಲಿ: ಹೆಚ್ಚಾದರೆ ಮರಿಯ ಕಾಲು ಸಿಕ್ಕಿಕೊಳ್ಳುತ್ತದೆ, ಕಡಿಮೆಯಾದರೆ ಹಿಕ್ಕೆ ಮೇಲೇ ನಿಂತು ಉಣ್ಣೆಗೆ ಮೆತ್ತುತ್ತದೆ. ದೊಡ್ಡ ಕುರಿಗೆ ತಲಾ 10-12 ಚದರ ಅಡಿ ಜಾಗ. ಪಡುವಣ ಬದಿಗೆ ತಟ್ಟಿ ಕಟ್ಟಿ, ಉಳಿದ ಕಡೆ ಗಾಳಿ ಆಡಬೇಕು.

ಆಷಾಢದಲ್ಲಿ ಕಾಡುವುದು ಗೊರಸು ಕೊಳೆ. ಬೆರಳಸಂದು ಕೆಂಪಾಗಿ ನಾತ ಬಂತೆಂದರೆ ಕುಂಟುವುದನ್ನು ಕಾಯಬೇಡಿ. ಬೆಳೆದ ಗೊರಸು ಸವರಿ, 10 ಲೀಟರ್ ನೀರಿಗೆ 1 ಕೆಜಿ ಸತುವಿನ ಸಲ್ಫೇಟ್ ಕರಗಿಸಿ, ಗೊರಸು ಮುಳುಗುವಷ್ಟು ದ್ರಾವಣದಲ್ಲಿ 15 ನಿಮಿಷ ನಿಲ್ಲಿಸಿ. ಆಮೇಲೆ ಒಣ ಜಾಗದಲ್ಲೇ ಇರಲಿ. ಆ ನೀರು ಕುಡಿಯಲು ಬಿಡಬೇಡಿ.

ಉತ್ತರ 3 (ಸಾಗರ):
ತೋಟದ ವಿಷಯ ಯಾರೂ ಹೇಳಲಿಲ್ಲ, ಕುರಿ ಸಾಯುವುದು ಅಲ್ಲೇ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) ಇರುತ್ತದೆ. ಮರದಿಂದ ತೊಟ್ಟಿಕ್ಕಿದ್ದೆಲ್ಲ ಹುಲ್ಲಿನ ಮೇಲೆ. ಆ ತಾಮ್ರ ಕುರಿಯ ಪಿತ್ತಜನಕಾಂಗದಲ್ಲಿ ಸದ್ದಿಲ್ಲದೆ ಸೇರಿಕೊಂಡು, ವಾರಗಳ ನಂತರ ಒಮ್ಮೆಲೇ ಕಣ್ಣು ಹಳದಿ, ಮೂತ್ರ ಕಡುಗೆಂಪು. ಅಲ್ಲಿಗೆ ಬಂದ ಮೇಲೆ ಉಳಿಯುವುದು ಕಷ್ಟ. ಆಡು ಇದನ್ನು ಕುರಿಗಿಂತ ಹೆಚ್ಚು ತಡೆಯುತ್ತದೆ. ಔಷಧಿ ಹೊಡೆದ ತೋಟಕ್ಕೆ ಮಳೆಗಾಲವಿಡೀ ಕುರಿ ಬಿಡಬೇಡಿ, ಅಲ್ಲಿಯ ಹುಲ್ಲು ಕೊಯ್ದೂ ಹಾಕಬೇಡಿ. ದನದ ಖನಿಜ ಮಿಶ್ರಣವೂ ಬೇಡ, ಅದರಲ್ಲಿರುವ ತಾಮ್ರವೂ ಕುರಿಗೆ ಹೆಚ್ಚಾಗುತ್ತದೆ.

ಪ್ರಶ್ನೆ ಕೇಳಿದವರು:
ಉಣ್ಣೆ ಕತ್ತರಿಸುವುದು ಯಾವಾಗ?

ಉತ್ತರ 1 (ಚಳ್ಳಕೆರೆ):
ನಿಮ್ಮ ಕಡೆಗೆ ದೀಪಾವಳಿ ಕಳೆದು ಒಮ್ಮೆ, ಏಪ್ರಿಲಿನಲ್ಲಿ ಒಮ್ಮೆ. ಕುರಿಯನ್ನು ಹಳ್ಳದಲ್ಲಿ ತೊಳೆದು, ಉಣ್ಣೆ ಬುಡದವರೆಗೆ ಒಣಗಿದ ಮೇಲೆ ಚರ್ಮಕ್ಕೆ ಹತ್ತಿರ ಒಂದೇ ಸಲ ಕತ್ತರಿಸಿ. ಉಳಿದದ್ದನ್ನು ಮತ್ತೆ ಸವರಿದರೆ ತುಂಡು ಎಳೆ ಬೆರೆತು ನೂಲು ಕಡಿಯುತ್ತದೆ. ಹೊಟ್ಟೆ, ಬಾಲದ ಉಣ್ಣೆ ಬೇರೆ ಇಡಿ. ಅಂಟುಪುರಲೆ (ಮೈಗೆ ಅಂಟುವ ಕಳೆಗಿಡದ ಕಾಯಿ) ಹತ್ತಿದ್ದನ್ನು ಕೈಯಲ್ಲೇ ಆರಿಸಬೇಕು. ಹಸಿ ಉಣ್ಣೆ ಚೀಲಕ್ಕೆ ತುಂಬಿದರೆ ಬಿಸಿಯೇರಿ ಮುಗ್ಗುತ್ತದೆ.